ರಾಕೆಟ್ಟೂ ಅದರ ಕೊಂಡಿಯೂ

ನಮ್ಮ ಕಡೆಯ ಯಕ್ಷಗಾನವನ್ನು ನೋಡಿ ಬೆಳೆದವರಿಗೆಲ್ಲ ಅಭಿಮನ್ಯು ಕಾಳಗ ಪರಿಚಿತವಾದ ಪ್ರಸಂಗ. ಚಕ್ರವ್ಯೂಹವನ್ನು ಹೊಗುವ ವಿದ್ಯೆ ಆ ಬಾಲಕನಿಗೆ ಗೊತ್ತು. ಹೊರಬರುವ ವಿದ್ಯೆ ಗೊತ್ತಿಲ್ಲ. ಅವನ ಕುಣಿತಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟು ಚಪ್ಪಾಳೆ ತಟ್ಟುವ ನಾವು, ಬೆಳಗಾದ ಮೇಲೆ ಮನೆಗೆ ಹೋಗಿ ಮಲಗುತ್ತೇವೆಯೇ ಹೊರತು, ಅರ್ಧ ಕಲಿತ ವಿದ್ಯೆಯಿಂದಾದ ಅನರ್ಥವನ್ನು ನೆನೆಯುವುದು ಕಡಿಮೆ. ಕಳೆದ ರಜೆಯಲ್ಲಿ ಶಿರಾಲಿಯ ಕಡಲ ದಂಡೆಯ ಮೇಲೆ ಒಂದು ಸಂಜೆ ಆ ಪ್ರಸಂಗ ನನಗೆ ಬೇರೊಂದು ರೀತಿಯಲ್ಲಿ ನೆನಪಾಯಿತು. ಅದನ್ನು ಇಲ್ಲಿ ನಿವೇದಿಸಿ, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನು ಗುರುಗಳ ಮತ್ತು ಸಹಪಾಠಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೂ ರಾಕೆಟ್ಟಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ನಗಲಿ. ಆಕಾಶಕ್ಕೆ ಹಾರಿಸಿದ ವಸ್ತು ಕೆಳಗೆ ಬೀಳುವಾಗ ಯಾರ ತಲೆ ಕಲಾ ವಿಭಾಗದ್ದು, ಯಾರ ತಲೆ ವಿಜ್ಞಾನ ವಿಭಾಗದ್ದು ಎಂದು ವಿಚಾರಿಸಿ ಬೀಳುವುದಿಲ್ಲ.

ನಾವು ನಾಲ್ವರು ಗೆಳೆಯರು ಸೇರಿ ಒಂದು ಮಾದರಿ ರಾಕೆಟ್ಟನ್ನು ಕಟ್ಟಿದ್ದೆವು. ಅದು ಮದ್ದಿನ ರಾಕೆಟ್ಟಲ್ಲ. ಅನುಮತಿಯಿಲ್ಲದೆ ಸಿಡಿಮದ್ದಿಗೆ ಕೈ ಹಾಕುವುದು ಕಾನೂನಿಗೂ ಬುದ್ಧಿಗೂ ಒಪ್ಪದ ಕೆಲಸ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗಳನ್ನು ಜೋಡಿಸಿ, ಮೂರರಲ್ಲೊಂದು ಪಾಲು ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿಯನ್ನು ಒತ್ತಿ ಬಿಡುವ ನೀರಿನ ರಾಕೆಟ್ಟು. ನೀರು ಕೆಳಕ್ಕೆ ರಭಸದಿಂದ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ಜಿಗಿಯುತ್ತದೆ. ನೀರು ಖಾಲಿಯಾದ ಮೇಲೆ ನಮ್ಮ ರಾಕೆಟ್ಟಿನ ತೂಕ ಸುಮಾರು 400 ಗ್ರಾಂ. ಅದು ಏರುತ್ತಿದ್ದ ಎತ್ತರ ಸುಮಾರು 40 ಮೀಟರ್, ಎಂದರೆ ಒಳ್ಳೆಯ ತೆಂಗಿನ ಮರದ ಎರಡರಷ್ಟು. ತುದಿಯ ಮೂತಿಯೊಳಗೆ ಹಳೆಯ ಕೊಡೆಯ ಬಟ್ಟೆಯಿಂದ ಮಾಡಿದ 65 ಸೆಂಟಿಮೀಟರ್ ಅಗಲದ ಪ್ಯಾರಾಚೂಟನ್ನು ಮಡಿಸಿಟ್ಟಿದ್ದೆವು. ಶಿಖರ ಮುಟ್ಟಿದೊಡನೆ ಮೂತಿ ಕಳಚಿ, ಪ್ಯಾರಾಚೂಟು ಬಿಚ್ಚಿ, ರಾಕೆಟ್ಟು ಮೆಲ್ಲಗೆ ಇಳಿಯಬೇಕು.

ಆ ಪ್ಯಾರಾಚೂಟಿನ ಹಗ್ಗವನ್ನು ರಾಕೆಟ್ಟಿಗೆ ಕಟ್ಟಲು ಒಂದು ಕೊಂಡಿ ಬೇಕಾಗಿತ್ತು. ಭಟ್ಕಳದ ಪೇಟೆಗೆ ಹೋಗಿ ಅದನ್ನು ತಂದವನು ನಾನೇ. ಕಿಟಕಿಯ ಪರದೆಯ ತಂತಿ ಸಿಕ್ಕಿಸುವ, ತಿರುಪಿನ ಬಾಲವುಳ್ಳ, ಬಾಯಿ ಪೂರ್ತಿ ಮುಚ್ಚದ ಸಣ್ಣ ಕೊಂಡಿ. "ಹೊರಬೇಕಾದದ್ದು ನಾನೂರು ಗ್ರಾಂ, ಇದು ಎರಡು ಕಿಲೋ ಬೇಕಾದರೂ ಹೊತ್ತೀತು" ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು. ರಾಕೆಟ್ಟಿನ ರೆಕ್ಕೆಗಳಿಗೆ ಯಾವ ಬಣ್ಣ ಬಳಿಯಬೇಕೆಂಬ ವಿಷಯದಲ್ಲಿ ನಾವು ಎರಡು ದಿನ ಜಗಳವಾಡಿದ್ದೆವು. ಕೊಂಡಿಯ ವಿಷಯ ಎರಡು ನಿಮಿಷದಲ್ಲಿ ಮುಗಿಯಿತು.

ಮೊದಲ ಎರಡು ಸಲ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮೂರನೆಯ ಸಲ ಮೂತಿ ಒಂದಿಷ್ಟು ಬಿಗಿಯಾಗಿ ಕುಳಿತಿತ್ತು. ಶಿಖರದಲ್ಲಿ ಅದು ಕಳಚಲಿಲ್ಲ. ರಾಕೆಟ್ಟು ತಲೆಕೆಳಗಾಗಿ ಬೀಳತೊಡಗಿದ ಎರಡು ಸೆಕೆಂಡಿನ ಮೇಲೆ ಕಳಚಿತು. ಪ್ಯಾರಾಚೂಟು ಪಟ್ಟೆಂದು ಬಿಚ್ಚಿಕೊಂಡಿತು. ನಾವು ಹೋ ಎಂದು ಕೂಗುವಷ್ಟರಲ್ಲಿ ಪ್ಯಾರಾಚೂಟು ಒಂದು ದಿಕ್ಕು, ರಾಕೆಟ್ಟು ಒಂದು ದಿಕ್ಕು. ಬಟ್ಟೆ ಕಡಲ ಗಾಳಿಗೆ ತೇಲಿ ಗಾಳಿಮರಗಳ ಕಡೆಗೆ ಹೋಯಿತು. ರಾಕೆಟ್ಟು ಈಟಿಯಂತೆ ನೇರವಾಗಿ ಇಳಿದು, ಒಣಮೀನನ್ನು ತಿರುವಿ ಹಾಕುತ್ತಿದ್ದ ಒಬ್ಬ ಹೆಂಗಸಿನಿಂದ ಎರಡು ಮಾರು ದೂರದಲ್ಲಿ ಮರಳಿಗೆ ನಾಟಿತು.

ನಾವು ಓಡಿಹೋಗಿ ಕ್ಷಮೆ ಕೇಳಿದೆವು. ಆ ತಾಯಿ ಬೈಯಲಿಲ್ಲ. ಮರಳಿನಲ್ಲಿ ಹುಗಿದಿದ್ದ ರಾಕೆಟ್ಟನ್ನೂ ನಮ್ಮನ್ನೂ ನೋಡಿ, "ಮೇಲೆ ಬಿಡೂಕೆ ಗೊತ್ತಿತ್ತು, ಕೆಳಗೆ ಇಳಸೂಕೆ ಗೊತ್ತಿಲ್ವಾ ಮಕ್ಕಳೇ?" ಎಂದಷ್ಟೇ ಕೇಳಿದರು. ಅಭಿಮನ್ಯು ನನಗೆ ನೆನಪಾದದ್ದು ಆಗ.

ಮನೆಗೆ ಬಂದು ನೋಡಿದರೆ ಹಗ್ಗ ಹರಿದಿರಲಿಲ್ಲ, ಬಟ್ಟೆ ಹರಿದಿರಲಿಲ್ಲ. ನಾನು ತಂದ ಕೊಂಡಿಯ ಬಾಯಿ ತೆರೆದು, ಅದು ಮೀನಿನ ಗಾಳವನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದಂತೆ ಆಗಿತ್ತು. ನಾಲ್ಕು ನೂರು ಗ್ರಾಂ ಹೊರಲಾರದಷ್ಟು ದುರ್ಬಲವೇ ಅದು? ಅಂಥದೇ ಇನ್ನೊಂದು ಕೊಂಡಿಯನ್ನು ತೊಲೆಗೆ ತಿರುಪಿ, ಅದಕ್ಕೆ ಪ್ಲಾಸ್ಟಿಕ್ ಬಕೆಟ್ಟನ್ನು ತೂಗುಹಾಕಿ, ಲೀಟರ್ ಲೀಟರಾಗಿ ನೀರು ಸುರಿದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ, ತಕ್ಕಡಿಯ ಅಗತ್ಯವಿಲ್ಲ. ನಾಲ್ಕು ಲೀಟರಿನವರೆಗೆ ಕೊಂಡಿ ಅಲುಗಲಿಲ್ಲ. ಐದು ತುಂಬಿ ಆರನೆಯದನ್ನು ಸುರಿಯುವಾಗ ಬಾಯಿ ಬಿಟ್ಟಿತು. ಎಂದರೆ, ರಾಕೆಟ್ಟಿನ ತೂಕದ ಹನ್ನೆರಡರಷ್ಟು ಹೊತ್ತ ಕೊಂಡಿ ಅದು. ಆದರೂ ಆ ಸಂಜೆ ಸೋತಿತು. ಏಕೆ?

ಉತ್ತರ ಪ್ರೌಢಶಾಲೆಯ ಗಣಿತದಲ್ಲೇ ಇದೆ. ನಮ್ಮ ಪ್ಯಾರಾಚೂಟು ರಾಕೆಟ್ಟನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿಸುವಂಥದು. ಆ ವೇಗದಲ್ಲಿ ಗಾಳಿ ಬಟ್ಟೆಯನ್ನು ಮೇಲಕ್ಕೆ ಎಳೆಯುವ ಬಲವೂ ರಾಕೆಟ್ಟಿನ ತೂಕವೂ ಸರಿಸಮ. ಆದರೆ ಗಾಳಿಯ ಎಳೆತ ವೇಗದೊಡನೆ ಬೆಳೆಯುವುದು ಸಾಮಾನ್ಯ ರೀತಿಯಲ್ಲಲ್ಲ, ವರ್ಗದ ರೀತಿಯಲ್ಲಿ: ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು, ವೇಗ ಮೂರರಷ್ಟಾದರೆ ಎಳೆತ ಒಂಬತ್ತರಷ್ಟು. ಬೀಳುವ ವಸ್ತುವಾದರೋ ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ ಗಳಿಸುತ್ತದೆ. ಆದುದರಿಂದ ಪ್ಯಾರಾಚೂಟು ಒಂದು ಸೆಕೆಂಡು ತಡವಾಗಿ ಬಿಚ್ಚಿದರೆ ಕೊಂಡಿಯ ಮೇಲಿನ ಎಳೆತ ತೂಕದ 4 ಪಟ್ಟು. ಎರಡು ಸೆಕೆಂಡು ತಡವಾದರೆ 16 ಪಟ್ಟು. ಮೂರು ಸೆಕೆಂಡಾದರೆ 36 ಪಟ್ಟು. ಬೀಳುವಾಗಿನ ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದರೆ ಈ ಅಂಕೆಗಳು ಸ್ವಲ್ಪ ತಗ್ಗಬಹುದು. ಬಟ್ಟೆ ಒಮ್ಮೆಗೇ ಬಿಚ್ಚುವಾಗಿನ ಜಗ್ಗನ್ನು ಸೇರಿಸಿದರೆ ಏರಲೂಬಹುದು. ನಮ್ಮ 400 ಗ್ರಾಂ ರಾಕೆಟ್ಟಿಗೆ 16 ಪಟ್ಟು ಎಂದರೆ 6.4 ಕಿಲೋ. ಕೊಂಡಿಯ ಶಕ್ತಿ ಆರಕ್ಕಿಂತ ಕಡಿಮೆ. ಆ ಹೆಂಗಸಿನ ತಲೆಗೂ ನಮ್ಮ ಅಜ್ಞಾನಕ್ಕೂ ನಡುವೆ ಇದ್ದದ್ದು ಈ ಒಂದು ಕಿಲೋದ ವ್ಯತ್ಯಾಸ ಮತ್ತು ದೈವಕೃಪೆ.

ಇದನ್ನು ನಾನು ದೊಡ್ಡ ಶೋಧವೆಂಬಂತೆ ಅಳ್ವೇಕೋಡಿಯ ಹಿರಿಯ ಮೀನುಗಾರರೊಬ್ಬರಿಗೆ ವಿವರಿಸಿದೆ. ಅವರು ಬಲೆಯ ಹರಿದ ಕಣ್ಣನ್ನು ಹೊಲಿಯುತ್ತಿದ್ದವರು ತಲೆಯೆತ್ತದೆ, "ತಮಾ, ಹಗ್ಗ ಆರಿಸೂಕೆ ಮೀನಿನ ತೂಕ ನೋಡೂದಲ್ಲ, ಸಮುದ್ರದ ಜಗ್ಗು ನೋಡೂದು" ಎಂದರು. ನಾನು ಹಾಳೆ ತುಂಬ ಬರೆದ ಲೆಕ್ಕ ಅವರ ಒಂದು ಮಾತಿನಲ್ಲಿ ಅಡಗಿತ್ತು. ಬಾವಿಯಲ್ಲಿ ನೀರು ಸೇದುವವರಿಗೂ ಇದು ಗೊತ್ತು. ತುಂಬಿದ ಕೊಡವನ್ನು ಸಮನಾಗಿ ಎಳೆದರೆ ಹಳೆಯ ಹಗ್ಗವೂ ತಾಳುತ್ತದೆ. ಕೈ ಜಾರಿ ಕೊಡ ಎರಡು ಮೊಳ ಬಿದ್ದು ಹಗ್ಗ ಬಿಗಿದರೆ ಹೊಸ ಹಗ್ಗವೂ ತುಂಡಾಗುತ್ತದೆ. ತೂಕ ಬೇರೆ, ಜಗ್ಗು ಬೇರೆ. ರಾಕೆಟ್ಟಿನ ಕೊಂಡಿಯನ್ನು ಆರಿಸಬೇಕಾದದ್ದು ತೂಕಕ್ಕಲ್ಲ, ಜಗ್ಗಿಗೆ. ಇದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಹಾಗಾದರೆ ಹೇಗೆ ಆರಿಸಬೇಕು? ಕಲಿತಷ್ಟನ್ನು ಹೇಳುತ್ತೇನೆ. ಮೊದಲನೆಯದಾಗಿ, ಬಾಯಿ ತೆರೆದ ಕೊಂಡಿ ಬೇಡವೇ ಬೇಡ. ಬೆಸೆದು ಮುಚ್ಚಿದ ಬಳೆಯುಳ್ಳ ಬೋಲ್ಟನ್ನೇ ಹಾಕತಕ್ಕದ್ದು. ಅದನ್ನು ತೆಳು ಹಲಗೆಗೆ ತಿರುಪಿ ಅಂಟು ಹಾಕಿದರೆ ಸಾಲದು. ಹಲಗೆಯ ಎರಡು ಮಗ್ಗುಲಿಗೂ ಅಗಲವಾದ ವಾಷರ್ ಕೊಟ್ಟು ನಟ್ಟಿನಿಂದ ಬಿಗಿಯಬೇಕು. ಇಲ್ಲವಾದರೆ ಕೊಂಡಿ ಗಟ್ಟಿಯಾಗಿದ್ದೂ ಹಲಗೆಯನ್ನೇ ಕಿತ್ತುಕೊಂಡು ಹೋದೀತು. ತಿರುಪು ಮುಚ್ಚಳದ ಕೊಂಡಿಯನ್ನು ಬಳಸಿದರೆ ಹಾರಿಸುವ ಮುನ್ನ ತಿರುಪನ್ನು ಪೂರ್ತಿ ಮುಚ್ಚಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ತೆರೆದಿದ್ದಾಗ ಅದರ ಬಲ ಬಹುಪಾಲು ಕಡಿಮೆ. ಗಾಳದ ಮೀನುಗಾರಿಕೆಗೆ ಬಳಸುವ ತಿರುಗುವ ಕೊಂಡಿ ಹಗ್ಗ ಹುರಿಗೊಳ್ಳದಂತೆ ಕಾಯುತ್ತದೆ, ನಿಜ. ಆದರೆ ಅದಕ್ಕೆ ಸೇರಿಸಿರುವ ತೆಳು ತಂತಿಯ ಕ್ಲಿಪ್ಪು ಜಗ್ಗಿಗೆ ಬಿಚ್ಚಿಕೊಳ್ಳುವಂಥದು.

ಎರಡನೆಯದು ಹಗ್ಗ. ನೈಲಾನ್ ಹಗ್ಗ ಹಿಗ್ಗಿ ಜಗ್ಗನ್ನು ನುಂಗಿಕೊಳ್ಳುತ್ತದೆ, ಆದರೆ ಶಾಖಕ್ಕೆ ಕರಗುತ್ತದೆ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ಅಮೆರಿಕದ ವಿಜ್ಞಾನಿ ಕಂಡುಹಿಡಿದ ಕೆವ್ಲಾರ್ ಎಂಬ ನೂಲು ಶಾಖಕ್ಕೆ ಜಗ್ಗದು; ಆದರೆ ಅದು ಹಿಗ್ಗುವುದು ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ, ಆದುದರಿಂದ ಜಗ್ಗನ್ನೆಲ್ಲ ನೇರವಾಗಿ ಕೊಂಡಿಗೇ ದಾಟಿಸುತ್ತದೆ, ಕೆಲವೊಮ್ಮೆ ರಟ್ಟಿನ ಕೊಳವೆಯನ್ನು ಗರಗಸದಂತೆ ಸೀಳುತ್ತದೆ. ಬಿಸಿ ಅನಿಲವಿಲ್ಲದ ನೀರಿನ ರಾಕೆಟ್ಟಿಗೆ ನೈಲಾನೇ ಮೇಲು. ಮದ್ದಿನ ರಾಕೆಟ್ಟುಗಳಲ್ಲಿ ಶಾಖ ತಗಲುವ ತುದಿಗೆ ಕೆವ್ಲಾರನ್ನೂ ಉಳಿದ ಭಾಗಕ್ಕೆ ನೈಲಾನನ್ನೂ ಜೋಡಿಸುವುದುಂಟು. ಹಗ್ಗದ ಉದ್ದ ರಾಕೆಟ್ಟಿನ ಉದ್ದದ ಮೂರರಷ್ಟಾದರೂ ಇರಬೇಕು. ಗಂಟು ಹಾಕಿದ ಕಡೆ ಹಗ್ಗದ ಬಲ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಕುಗ್ಗುತ್ತದೆಂಬುದನ್ನು ಮರೆಯಬಾರದು.

ಮೂರನೆಯದು ನಮ್ಮ ಕರಾವಳಿಗೇ ಸೇರಿದ ಮಾತು. ಇಲ್ಲಿಯ ಉಪ್ಪು ಗಾಳಿ ಒಂದು ಮಳೆಗಾಲದಲ್ಲಿ ಕಬ್ಬಿಣವನ್ನು ತಿನ್ನುತ್ತದೆ; ಬಿಸಿಲು ನೈಲಾನನ್ನು ಒಳಗಿಂದೊಳಗೇ ಸಡಿಲ ಮಾಡುತ್ತದೆ. ಹೋದ ವರ್ಷ ಗಟ್ಟಿಯಾಗಿದ್ದ ಕೊಂಡಿ ಈ ವರ್ಷವೂ ಗಟ್ಟಿಯೆಂದು ತಿಳಿಯಬಾರದು. ತುಕ್ಕು ಹಿಡಿಯದ ಉಕ್ಕನ್ನೇ ತಂದು, ಪ್ರತಿ ಸಲವೂ ಬಕೆಟ್ಟಿನ ಪರೀಕ್ಷೆ ಮಾಡಿಯೇ ಹಾರಿಸತಕ್ಕದ್ದು. ಎಷ್ಟು ಲೀಟರ್ ಎಂದರೆ, ರಾಕೆಟ್ಟಿನ ತೂಕದ 50 ಪಟ್ಟು ಎಂದು ನಾವೀಗ ಗೊತ್ತುಮಾಡಿಕೊಂಡಿದ್ದೇವೆ. ಮೂರು ಸೆಕೆಂಡು ತಡವಾದಾಗಿನ 36 ಪಟ್ಟಿಗೆ ಸ್ವಲ್ಪ ಉಳಿತಾಯ ಸೇರಿಸಿದ ಅಂಕೆ ಇದು. ನಮ್ಮ ರಾಕೆಟ್ಟಿಗೆ 20 ಲೀಟರ್. ಎರಡು ಬಕೆಟ್ಟು ನೀರು.

ಇದು ಬಾಟಲಿ ಹಾರಿಸುವ ಹುಡುಗರ ಚಿಂತೆ ಮಾತ್ರವೆಂದು ಯಾರೂ ತಿಳಿಯಬಾರದು. ರಾಕೆಟ್ಟಿನ ಚರಿತ್ರೆಯನ್ನು ಓದಿದರೆ ಈ ಇಳಿಸುವ ಚಿಂತೆಯೇ ಆಟದ ರಾಕೆಟ್ಟನ್ನು ಯುದ್ಧದ ರಾಕೆಟ್ಟಿನಿಂದ ಬೇರೆ ಮಾಡುತ್ತದೆಂದು ಕಾಣುತ್ತದೆ. ನಮ್ಮ ಘಟ್ಟದ ಮೇಲಿನ ನಗರವನ್ನು ನೋಡಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಆ ಬಿದನೂರಿನ ಪರಿಸರದಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಸಾವಿರ ಸಂಖ್ಯೆಯ ರಾಕೆಟ್ಟಿನ ಕಬ್ಬಿಣದ ಕೊಳವೆಗಳನ್ನು ತೆಗೆದರು. ಮೈಸೂರಿನ ರಾಕೆಟ್ಟಿನ ಹಿರಿಮೆಯೇ ಆ ಕಬ್ಬಿಣದ ಕೊಳವೆ. ಕಾಗದದ ಕೊಳವೆ ತಾಳದ ಒತ್ತಡವನ್ನು ಅದು ತಾಳಿ, ರಾಕೆಟ್ಟನ್ನು ದೂರಕ್ಕೆ ಒಯ್ಯುತ್ತಿತ್ತು. 1780ರ ಪೊಳ್ಳಿಲೂರಿನ ಕದನದಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. ಮುಂದೆ ವಿಲಿಯಂ ಕಾಂಗ್ರೀವ್ ಅದನ್ನು ನೋಡಿಯೇ ತನ್ನ ರಾಕೆಟ್ಟನ್ನು ಕಟ್ಟಿದ. ಆದರೆ ಆ ರಾಕೆಟ್ಟುಗಳಿಗೆ ಇಳಿಯುವ ವಿದ್ಯೆ ಬೇಕಾಗಿರಲಿಲ್ಲ. ಬೀಳುವುದೇ ಅವುಗಳ ಕೆಲಸ, ಕೊಲ್ಲುವುದೇ ಅವುಗಳ ಗುರಿ.

ವಿದ್ಯಾರ್ಥಿಗಳ ಕೈಯ ಮಾದರಿ ರಾಕೆಟ್ಟು ಹುಟ್ಟಿದ್ದು ಬೇರೆ ಬಗೆಯಲ್ಲಿ. 1954ರಲ್ಲಿ ಅಮೆರಿಕದ ನೆಬ್ರಾಸ್ಕ ಪ್ರಾಂತದಲ್ಲಿ ಜೋಡಿನ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬಾತ ತನ್ನ ಸೋದರನೊಡನೆ ಒಂದು ಪುಟ್ಟ ರಾಕೆಟ್ಟನ್ನು ಮಾಡಿದ. ಅದಕ್ಕೆ ಅವನಿಟ್ಟ ಹೆಸರು 'ರಾಕ್-ಎ-ಚೂಟ್'. ಹೆಸರಿನಲ್ಲೇ ಪ್ಯಾರಾಚೂಟು ಸೇರಿಕೊಂಡಿದೆ! 1957ರಲ್ಲಿ ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಜ್ಞನಿಗೆ ಅದನ್ನು ಕಳುಹಿಸಿಕೊಟ್ಟ. ಹುಡುಗರು ಮನೆಯಲ್ಲಿ ಮದ್ದು ಅರೆದು ಗಾಯಗೊಳ್ಳುತ್ತಿದ್ದ ಕಾಲ ಅದು. ಸುರಕ್ಷಿತವಾಗಿ ಇಳಿಯಬಲ್ಲ, ಮತ್ತೆ ಹಾರಬಲ್ಲ ರಾಕೆಟ್ಟೇ ಇದಕ್ಕೆ ಪರಿಹಾರವೆಂದು ಸ್ಟೈನ್ ಕಂಡುಕೊಂಡ. ಆ ದೇಶದ ಮಾದರಿ ರಾಕೆಟ್ಟಿನ ನಿಯಮಾವಳಿಯಲ್ಲಿ ಇಂದಿಗೂ ಇಳಿಸುವ ಸಾಧನವಿಲ್ಲದ ರಾಕೆಟ್ಟಿಗೆ ಅನುಮತಿಯಿಲ್ಲ.

ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯೂ ಇದೇ ಪಾಠವನ್ನು ಎಷ್ಟು ಗಂಭೀರವಾಗಿ ಓದುತ್ತಿದೆ ನೋಡಿ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲ ರಾಕೆಟ್ಟನ್ನು ಹಾರಿಸಿದಾಗ ಏರುವುದೇ ಸಾಧನೆಯಾಗಿತ್ತು. 2007ರ ಜನವರಿ 10ರಂದು ಮೇಲೇರಿದ ಒಂದು ಪುಟ್ಟ ನೌಕೆ ಹನ್ನೆರಡು ದಿನ ಭೂಮಿಯನ್ನು ಸುತ್ತಿ, 22ರಂದು ಪ್ಯಾರಾಚೂಟಿನ ನೆರವಿನಿಂದ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಮನುಷ್ಯರನ್ನು ಒಯ್ಯಲಿರುವ ಗಗನಯಾನದ ಕೋಶಕ್ಕೆ ಹತ್ತು ಪ್ಯಾರಾಚೂಟುಗಳಿವೆ; ಕೊನೆಯ ಮೂರು ದೊಡ್ಡ ಪ್ಯಾರಾಚೂಟುಗಳಲ್ಲಿ ಒಂದು ಕೈಕೊಟ್ಟರೂ ಉಳಿದೆರಡು ಸಾಕೆನ್ನುವಂತೆ ಏರ್ಪಾಡು. ಮನುಷ್ಯರು ಏರುವ ಮೊದಲೇ, 2025ರ ಆಗಸ್ಟ್ 24ರಂದು, ಸುಮಾರು ಐದು ಟನ್ ತೂಕದ ಖಾಲಿ ಕೋಶವನ್ನು ಹೆಲಿಕಾಪ್ಟರಿನಿಂದ ಬೀಳಿಸಿ ಈ ಪ್ಯಾರಾಚೂಟುಗಳನ್ನು ಪರೀಕ್ಷಿಸಿದರು. ಅದು ಅವರ ಬಕೆಟ್ಟಿನ ಪರೀಕ್ಷೆ! ನಮ್ಮ ರಾಜ್ಯದ ಚಳ್ಳಕೆರೆಯ ಬಳಿ 2024ರ ಜೂನ್ 23ರಂದು ರೆಕ್ಕೆಯುಳ್ಳ ನೌಕೆಯೊಂದು ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಓಡುದಾರಿಗೆ ಇಳಿಯಿತು. ಹಿಂದಿನಿಂದ ಬಿಚ್ಚಿಕೊಂಡ ಪ್ಯಾರಾಚೂಟು ಆ ವೇಗವನ್ನು ಸುಮಾರು ನೂರಕ್ಕೆ ತಗ್ಗಿಸಿತು. ಆ ಪ್ಯಾರಾಚೂಟನ್ನು ಹಿಡಿದ ಕೊಂಡಿಯ ಮೇಲೆ ಎಂಥ ಜಗ್ಗು ಬಿದ್ದಿರಬೇಕೆಂದು ಈಗ ನಾವು ಊಹಿಸಬಲ್ಲೆವು.

ದೊಡ್ಡವರೂ ತಪ್ಪುವುದುಂಟು. ಸೂರ್ಯನಿಂದ ಹೊಮ್ಮುವ ಕಣಗಳನ್ನು ಹಿಡಿದು ತಂದ ಅಮೆರಿಕದ ಜೆನೆಸಿಸ್ ನೌಕೆ 2004ರ ಸೆಪ್ಟೆಂಬರ್ 8ರಂದು ಯೂಟಾದ ಮರಳುಗಾಡಿಗೆ ಬಡಿದು ಒಡೆಯಿತು. ಪ್ಯಾರಾಚೂಟು ಬಿಚ್ಚಲೇ ಇಲ್ಲ. ಕಾರಣವೇನು? ಯಾವಾಗ ಬಿಚ್ಚಬೇಕೆಂದು ಹೇಳುವ ಒಂದು ಚಿಕ್ಕ ಸಾಧನವನ್ನು ತಲೆಕೆಳಗಾಗಿ ಕೂರಿಸುವಂತೆ ನಕ್ಷೆಯಲ್ಲೇ ತಪ್ಪಾಗಿತ್ತು. ಮೂರು ವರ್ಷದ ಪ್ರಯಾಣ, ಒಂದು ಚಿಕ್ಕ ಸಾಧನ!

ನನ್ನ ಅಭಿಪ್ರಾಯಕ್ಕೆ ಆಕ್ಷೇಪಗಳುಂಟು. ಗಟ್ಟಿ ಕೊಂಡಿ ಹಾಕಿದರೆ ಭಾರ ಹೆಚ್ಚಿ ಎತ್ತರ ಕಡಿಮೆಯಾಗುತ್ತದೆಯೆಂದು ನನ್ನ ಗೆಳೆಯನೇ ವಾದಿಸಿದ. ನಿಜ. ಹೊಸ ಕೊಂಡಿ, ನಟ್ಟು, ವಾಷರ್ ಎಲ್ಲ ಸೇರಿ ನಮ್ಮ ರಾಕೆಟ್ಟಿಗೆ 20 ಗ್ರಾಂ ಹೆಚ್ಚಿತು. ಎತ್ತರ ಒಂದೆರಡು ಮೀಟರ್ ಇಳಿದಿರಬಹುದು. ಅದಕ್ಕಾಗಿ ದೋಣಿಯ ಲಂಗರಿನ ಸರಪಳಿಯನ್ನು ತಂದು ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅತಿಭಾರದ ಉಕ್ಕು ಕೊಳವೆಯನ್ನೇ ಒಡೆದೀತು, ಬಿದ್ದರೆ ಅದೇ ಒಂದು ಕಲ್ಲು. ಬೇಕಾದದ್ದು ಅತಿಯಾದ ಬಲವಲ್ಲ, ಲೆಕ್ಕ ಹಾಕಿ ಅಳೆದ ಬಲ. ಮೊದಲು ನಾವು ಅಳೆಯದೆ ಹಗುರವಾದದ್ದನ್ನು ತಂದೆವು. ಈಗ ಅಳೆಯದೆ ಭಾರವಾದದ್ದನ್ನು ತಂದರೆ ಅದೂ ಅದೇ ತಪ್ಪು.

ಇನ್ನು ಕೆಲವರು, "ಇದು ಆಟವಲ್ಲವೇ, ಇಷ್ಟೊಂದು ಚಿಂತೆಯೇಕೆ?" ಎನ್ನುತ್ತಾರೆ. ನಾವು ಆಡುವ ದಂಡೆ ನಮ್ಮದೊಬ್ಬರದಲ್ಲ. ಅಲ್ಲಿ ಮೀನು ಒಣಗುತ್ತದೆ, ಬಲೆ ಹರಡಿರುತ್ತದೆ, ಮಕ್ಕಳು ಓಡಾಡುತ್ತಾರೆ. 40 ಮೀಟರ್ ಮೇಲಿನಿಂದ ತಡೆಯಿಲ್ಲದೆ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ನೂರು ಕಿಲೋಮೀಟರು. ಹೆದ್ದಾರಿಯ ಬಸ್ಸಿನ ವೇಗಕ್ಕಿಂತ ಹೆಚ್ಚು. ಆಟವೆಂದ ಮಾತ್ರಕ್ಕೆ ಅದು ಮೆಲ್ಲಗೆ ಬೀಳುವುದಿಲ್ಲ.

ಮಾದರಿ ರಾಕೆಟ್ಟಿನ ಹವ್ಯಾಸ ಈಗ ನಮ್ಮ ಕಡೆ ಬೆಳೆಯುತ್ತಿದೆ. ಇದೇ ಕರಾವಳಿಯ ಮಣಿಪಾಲದ ವಿದ್ಯಾರ್ಥಿಗಳ ಥ್ರಸ್ಟ್‌ಎಂಐಟಿ ತಂಡ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನಡೆಯುತ್ತಿದ್ದ ಸ್ಪರ್ಧೆಯಲ್ಲಿ ಭಾಗವಹಿಸಿದೆ. ಶಾಲೆ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ನೀರಿನ ರಾಕೆಟ್ಟು ಸಾಮಾನ್ಯವಾಗಿದೆ. ಸಂತೋಷವೇ. ಆದರೆ ನಾನು ಕಂಡ ಪ್ರದರ್ಶನಗಳಲ್ಲೆಲ್ಲ ಬಹುಮಾನ ಕೊಡುವುದು ಯಾರ ರಾಕೆಟ್ಟು ಹೆಚ್ಚು ಎತ್ತರ ಹೋಯಿತೆಂದು ನೋಡಿ. ಇದನ್ನು ಬದಲಿಸಬೇಕೆಂಬುದು ನನ್ನ ವಿನಂತಿ. ನಮ್ಮ ಕಾಲೇಜಿನಲ್ಲಿ ಇಂಥ ಸ್ಪರ್ಧೆ ನಡೆದರೆ, ಮುರಿಯದೆ ಕೆಳಗೆ ಬಂದು, ಅದೇ ದಿನ ಅದೇ ಕೊಂಡಿಯೊಡನೆ ಎರಡನೆಯ ಸಲ ಹಾರಿದ ರಾಕೆಟ್ಟಿಗೆ ಮಾತ್ರ ಅಂಕ ಕೊಡಲಿ. ಹಾರಿಸುವ ಮೊದಲು ಎಲ್ಲರೆದುರು ಬಕೆಟ್ಟಿನ ಪರೀಕ್ಷೆಯಾಗಲಿ. ಅದರಲ್ಲಿ ಸೋತ ರಾಕೆಟ್ಟು ನೆಲದ ಮೇಲೇ ಇರಲಿ. ಇದಕ್ಕೆ ಬೇಕಾದದ್ದು ಎರಡು ಬಕೆಟ್ಟು, ಒಂದು ತೊಲೆ, ಒಂದಿಷ್ಟು ತಾಳ್ಮೆ. ಸರಕಾರದ ಅನುದಾನಕ್ಕೆ ಕಾಯಬೇಕಾಗಿಲ್ಲ.

ನಾವು ಮತ್ತೆ ಹಾರಿಸಿದೆವು. ಈ ಸಲ ಜನರಿಲ್ಲದ ಹೊತ್ತು ನೋಡಿ, ದೂರ ಅಳೆದು, 20 ಲೀಟರ್ ನೀರು ಹೊತ್ತ ಕೊಂಡಿಯೊಡನೆ. ಮೂತಿ ಮತ್ತೊಮ್ಮೆ ತಡವಾಗಿಯೇ ಕಳಚಿತು. ಆ ದೋಷವನ್ನು ನಾವಿನ್ನೂ ಪೂರ್ತಿ ತಿದ್ದಿಲ್ಲ. ಪ್ಯಾರಾಚೂಟು ಪಟ್ಟೆಂದಿತು, ರಾಕೆಟ್ಟು ಒಮ್ಮೆ ಬೆಚ್ಚಿಬಿದ್ದಂತೆ ತೂಗಿತು, ಆಮೇಲೆ ಮೆಲ್ಲಗೆ ಇಳಿದು ಮರಳಿನ ಮೇಲೆ ಮಲಗಿತು. ನೆಟ್ಟಗಾದ ಹಳೆಯ ಕೊಂಡಿಯನ್ನು ನಾನು ಎಸೆದಿಲ್ಲ. ನನ್ನ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮುಂದಿನ ವರ್ಷ ರಾಕೆಟ್ಟು ಕಟ್ಟುವ ಕಿರಿಯ ಮಿತ್ರರು ಬಂದು ಕೇಳಿದರೆ ಮೊದಲು ಅದನ್ನೇ ಅವರ ಕೈಗೆ ಕೊಡುತ್ತೇನೆ.